ಮನೆಯ ಪಾಠ: ಜಾಲಪುಟದ ಮೂರು ಭಾಷೆಗಳು



ಕಳೆದ ತಿಂಗಳು ಸೋದರಿಯೊಬ್ಬರು ಸಂಪಾದಕರ ಮೂಲಕ ನನಗೊಂದು ಪತ್ರವನ್ನು ಕಳುಹಿಸಿದ್ದರು. ಅವರ ಮಗಳು ಪ್ರೌಢಶಾಲೆಯಲ್ಲಿ ಓದುತ್ತಿರುವಳು. ರಜೆಯಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಂಬ ಮೂರು ಭಾಷೆಗಳನ್ನು ಕಲಿಯುವೆನೆಂದು ಆ ಹುಡುಗಿಯು ಹಟ ಹಿಡಿದಿರುವಳಂತೆ. "ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ಇವುಗಳ ಮೇಲೆ ಇನ್ನೂ ಮೂರು ಭಾಷೆಗಳೇ? ಇವನ್ನು ಯಾರು, ಯಾರೊಡನೆ ಮಾತನಾಡುವರು?" ಎಂದು ತಾಯಿಯವರು ಕೇಳಿರುವರು. ಪ್ರಶ್ನೆಯು ಮೇಲ್ನೋಟಕ್ಕೆ ವಿನೋದವಾಗಿ ಕಂಡರೂ ಅದರಲ್ಲಿ ವಿಷಯದ ತಿರುಳೇ ಅಡಗಿರುವುದು. ಆದುದರಿಂದ ಈ ಸಂಚಿಕೆಯ ಪಾಠವನ್ನು ಅದಕ್ಕೇ ಮೀಸಲಾಗಿಟ್ಟಿರುವೆನು.

ಮೊದಲು ನನ್ನ ಅರ್ಹತೆಯ ವಿಚಾರ. ನಾನು ಜೀವಮಾನವೆಲ್ಲ ಮಕ್ಕಳಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದವನು, ಯಂತ್ರವಿದ್ಯೆಯವನಲ್ಲ. ನಿವೃತ್ತನಾದ ವರ್ಷ ನಮ್ಮ ತಾಲ್ಲೂಕಿನ ನಿವೃತ್ತ ಶಿಕ್ಷಕರು ಸೇರಿ ತಮಗೊಂದು ಜಾಲಪುಟವು ಬೇಕೆಂದರು. "ಪಂಡಿತರಿಗೆ ಈಗ ಬಿಡುವು" ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ತಮ್ಮನ ಮಗಳ ಎದುರಿಗೆ ಶಿಷ್ಯನಾಗಿ ಕುಳಿತು ಆರು ವಾರ ಕಲಿತೆನು. ಗುರುವಿನ ಕೋಪವು ಎಂತಹುದೆಂಬುದನ್ನು ಅರುವತ್ತರ ವಯಸ್ಸಿನಲ್ಲಿ ಅನುಭವಿಸಿದವನು ನಾನು.

ಯಾರೊಡನೆ ಮಾತನಾಡುವರೆಂಬುದಕ್ಕೆ ನೇರವಾದ ಉತ್ತರವಿದು: ಪುಟವನ್ನು ಬರೆಯುವವನು ಈ ಭಾಷೆಗಳ ಮೂಲಕ ಮಾತನಾಡುವುದು ಬ್ರೌಸರಿನೊಡನೆ, ಎಂದರೆ ನಮ್ಮ ಫೋನಿನಲ್ಲಿಯೂ ಗಣಕಯಂತ್ರದಲ್ಲಿಯೂ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶದೊಡನೆ. ಇದಕ್ಕೆ ಹೋಲುವ ಒಂದು ವ್ಯವಹಾರವು ಈ ಮಾಸಪತ್ರಿಕೆಯಲ್ಲಿಯೇ ನಡೆಯುವುದು. ನಾನು ಬರೆದ ಹಸ್ತಪ್ರತಿಯ ಅಂಚಿನಲ್ಲಿ ಸಂಪಾದಕರು "ಇದು ತಲೆಬರಹ", "ಇಲ್ಲಿ ಹೊಸ ಪ್ಯಾರಾ" ಎಂದು ಗುರುತು ಹಾಕಿ ಅಚ್ಚಿನ ಮನೆಗೆ ಕಳುಹಿಸುವರು. ಆ ಗುರುತುಗಳು ಅಚ್ಚಾಗುವುದಿಲ್ಲ; ಹೇಗೆ ಅಚ್ಚು ಮಾಡಬೇಕೆಂಬುದನ್ನು ತಿಳಿಸಿ ತಾವು ಮರೆಯಾಗುವುವು. ಎಚ್‌ಟಿಎಂಎಲ್ ಎಂಬುದು ಇಂತಹ ಗುರುತುಗಳ ಭಾಷೆ. ಅದರಲ್ಲಿ ಕೂಡಲು ಕಳೆಯಲು ಬಾರದು. "ಹೀಗಾದರೆ ಇದನ್ನು ಮಾಡು, ಇಲ್ಲವಾದರೆ ಅದನ್ನು ಮಾಡು" ಎಂದು ಹೇಳಲೂ ಬಾರದು. ಇಂತಹ ಭಾಷೆಯನ್ನು ಮಾರ್ಕಪ್ ಭಾಷೆ ಎನ್ನುವರು.

ಸಂಸ್ಕೃತವನ್ನು ಓದಿದವರಿಗೆ ಇದು ಹೊಸದಾಗಿ ತೋರಲಾರದು. ಮಾಡು ಎಂಬರ್ಥದ ಧಾತುವನ್ನು ನಾವು ಡುಕೃಞ್ ಎಂದು ಪಾಠ ಮಾಡುವೆವು. ಇದರಲ್ಲಿ ಧಾತುವು ಕೃ ಮಾತ್ರ. ಹಿಂದಿನ ಡು, ಮುಂದಿನ ಞ್ ಇವೆರಡೂ ಇತ್ ಎಂಬ ಗುರುತುಗಳು, ಪ್ರಯೋಗದಲ್ಲಿ ಲೋಪವಾಗುವುವು. ಆದರೆ ಞ್ ಇರುವುದರಿಂದ ಈ ಧಾತುವು ಪರಸ್ಮೈಪದ, ಆತ್ಮನೇಪದಗಳೆರಡರಲ್ಲಿಯೂ ನಡೆಯುವುದೆಂದು ತಿಳಿಯುವುದು. ಡು ಇರುವುದರಿಂದಲೇ ಕೃತ್ರಿಮ ಎಂಬ ಶಬ್ದವು ಸಿದ್ಧವಾಗುವುದು. ಉಚ್ಚಾರಣೆಯಲ್ಲಿಲ್ಲದೆ ಕೆಲಸವನ್ನು ಮಾತ್ರ ಮಾಡುವ ಗುರುತು! ತಮ್ಮನ ಮಗಳು ಮೊದಲ ದಿನ ಎಚ್‌ಟಿಎಂಎಲ್‌ನ ಗುರುತನ್ನು ತೋರಿಸಿದಾಗ ನನಗೆ ನೆನಪಾದುದು ಇದೇ. ಹೀಗೆಂದ ಮಾತ್ರಕ್ಕೆ ಗಣಕಯಂತ್ರವು ಪಾಣಿನಿಗೆ ತಿಳಿದಿತ್ತೆಂದು ಹೇಳುವವರ ಗುಂಪಿಗೆ ನನ್ನನ್ನು ಸೇರಿಸಬಾರದಾಗಿ ಪ್ರಾರ್ಥನೆ. ಆ ಮಹರ್ಷಿಯ ಕೀರ್ತಿಗೆ ನಮ್ಮ ಉತ್ಪ್ರೇಕ್ಷೆಯ ಊರುಗೋಲು ಬೇಕಾಗಿಲ್ಲ.

ಗುರುತನ್ನು ಬರೆಯುವ ಕ್ರಮವು ಸುಲಭವಾಗಿರುವುದು. ಗಣಿತದಲ್ಲಿ ಕಿರಿದು, ಹಿರಿದು ಎಂದು ತೋರಿಸುವ ಎರಡು ಕೋನಚಿಹ್ನೆಗಳ ನಡುವೆ ಗುರುತಿನ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆಯತಕ್ಕದ್ದು. ಇಲ್ಲಿ ನಮ್ಮ ಲಿಪಿಯಲ್ಲಿಯೇ ತೋರಿಸುವೆನು. ಪ್ಯಾರಾ ಆರಂಭವಾಗುವಲ್ಲಿ ‹ಪಿ› ಎಂದೂ ಮುಗಿಯುವಲ್ಲಿ ಓರೆಗೆರೆಯನ್ನು ಸೇರಿಸಿ ‹/ಪಿ› ಎಂದೂ ಬರೆಯಬೇಕು. ಪುಟದ ಮುಖ್ಯ ತಲೆಬರಹಕ್ಕೆ ‹ಎಚ್೧›, ಅದರ ಒಳಗಿನದಕ್ಕೆ ‹ಎಚ್೨›, ಹೀಗೆ ಆರರವರೆಗೆ ಉಂಟು. ಪಟ್ಟಿಗೆ ‹ಯುಎಲ್›, ಅದರ ಒಂದೊಂದು ಬಾಬಿಗೆ ‹ಎಲ್‌ಐ›. ಇನ್ನೊಂದು ಪುಟಕ್ಕೆ ಕೊಂಡಿಯನ್ನು ಹಾಕುವುದಕ್ಕೆ ‹ಎ›. ನಾನು ನಿತ್ಯ ಬಳಸುವುದು ಇಂತಹ ಹದಿನೈದು ಇಪ್ಪತ್ತು ಗುರುತುಗಳನ್ನು ಮಾತ್ರ.

ಈ ಭಾಷೆಯನ್ನು ರೂಪಿಸಿದವರು ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನ ವಿದ್ವಾಂಸರು. ಜಿನೀವಾ ನಗರದ ಸಮೀಪದ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಅವರು ಕೆಲಸದಲ್ಲಿದ್ದರು. ಅಲ್ಲಿಗೆ ನಾನಾ ದೇಶಗಳಿಂದ ಬರುವ ವಿಜ್ಞಾನಿಗಳ ಯಂತ್ರಗಳು ಬೇರೆ ಬೇರೆ ಬಗೆಯವು. ಒಬ್ಬರ ಬರಹವನ್ನು ಇನ್ನೊಬ್ಬರ ಯಂತ್ರದಲ್ಲಿ ಓದುವುದು ತೊಡಕಾಗಿತ್ತು. ಇದನ್ನು ನಿವಾರಿಸಲು ೧೯೮೯ರ ಮಾರ್ಚಿಯಲ್ಲಿ ಅವರು ತಮ್ಮ ಸಲಹೆಯನ್ನು ಬರೆದು ಸಲ್ಲಿಸಿದರು. ೧೯೯೧ರಲ್ಲಿ ಅವರು ಪ್ರಕಟಿಸಿದ ಗುರುತುಗಳ ಪಟ್ಟಿಯಲ್ಲಿ ಇದ್ದುದು ೧೮ ಮಾತ್ರ. ಯಂತ್ರವು ಯಾವುದೇ ಆಗಿರಲಿ, "ಇದು ತಲೆಬರಹ" ಎಂದು ಹೇಳಿಬಿಟ್ಟರೆ ಅದನ್ನು ಹೇಗೆ ಕಾಣಿಸಬೇಕೆಂಬುದನ್ನು ಆ ಯಂತ್ರವೇ ನೋಡಿಕೊಳ್ಳಲಿ ಎಂಬುದು ಇದರ ಮೂಲತತ್ತ್ವ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಾನು ಮರೆತು ಪಟ್ಟ ಪಾಡನ್ನು ಮುಂದೆ ಹೇಳುವೆನು.

ಜನರಿಗೆ ಅಂದದ ಮೋಹ. ಪುಟಗಳು ಬಣ್ಣಬಣ್ಣವಾಗಿರಬೇಕೆಂಬ ಬಯಕೆಯು ಹುಟ್ಟಿದೊಡನೆ ಬ್ರೌಸರುಗಳನ್ನು ತಯಾರಿಸುವ ಕಂಪನಿಗಳು ಅಕ್ಷರದ ಬಣ್ಣ ಗಾತ್ರಗಳಿಗೂ ಗುರುತುಗಳನ್ನು ಸೇರಿಸುತ್ತ ಬಂದುವು. ೧೯೯೭ರ ಜನವರಿಯಲ್ಲಿ ಅಂಗೀಕಾರವಾದ ಎಚ್‌ಟಿಎಂಎಲ್‌ನ ೩.೨ನೆಯ ಆವೃತ್ತಿಯಲ್ಲಿ ‹ಫಾಂಟ್› ಎಂಬ ಗುರುತಿಗೆ ಸ್ಥಾನವು ದೊರೆಯಿತು. ಅದೇ ವರ್ಷದ ಡಿಸೆಂಬರಿನ ೪.೦ನೆಯ ಆವೃತ್ತಿಯಲ್ಲಿ ಅದನ್ನು ಬಿಟ್ಟುಬಿಡಬೇಕಾದವುಗಳ ಸಾಲಿಗೆ ಸೇರಿಸಿದರು. ಹನ್ನೊಂದು ತಿಂಗಳ ವೈಭವ! ಅಂದದ ಕೆಲಸಕ್ಕೆ ಅಷ್ಟರಲ್ಲಿಯೇ ಬೇರೊಂದು ಭಾಷೆಯು ಸಿದ್ಧವಾಗಿತ್ತು. ಅದೇ ಸಿಎಸ್‌ಎಸ್. ನಾರ್ವೆ ದೇಶದ ಹೋಕನ್ ವಿಯುಮ್ ಲೀ ಎಂಬುವರು ೧೯೯೪ರಲ್ಲಿ ಇದನ್ನು ಸೂಚಿಸಿದರು. ಬರ್ಟ್ ಬಾಸ್ ಎಂಬುವರೊಡನೆ ಸೇರಿ ರೂಪಿಸಿದ ಇದರ ಮೊದಲ ಆವೃತ್ತಿಯು ೧೯೯೬ರ ಡಿಸೆಂಬರಿನಲ್ಲಿ ಅಂಗೀಕೃತವಾಯಿತು. "ತಲೆಬರಹಗಳೆಲ್ಲವೂ ನೀಲಿಯಾಗಿರಲಿ, ಅಂಚಿನಲ್ಲಿ ಇಷ್ಟು ಜಾಗವಿರಲಿ" ಎಂದು ಒಂದು ಕಡೆ ಬರೆದಿಟ್ಟರೆ ನೂರು ಪುಟಗಳಿಗೂ ಅದು ಅನ್ವಯಿಸುವುದು. ನೀಲಿಯು ಬೇಸರವಾದರೆ ಒಂದು ಶಬ್ದವನ್ನು ತಿದ್ದಿದರೆ ಸಾಕು. ಬಯಲಾಟದಲ್ಲಿ ಪಾತ್ರ ಬೇರೆ, ವೇಷ ಬೇರೆ ಅಲ್ಲವೇ? ಎಚ್‌ಟಿಎಂಎಲ್ ಪಾತ್ರವನ್ನು ಹೇಳುವುದು. ಸಿಎಸ್‌ಎಸ್ ವೇಷವನ್ನು ಕಟ್ಟುವುದು.

ಇನ್ನು ನಾನು ಪಟ್ಟ ಪಾಡು. ಪಿಂಚಣಿದಾರನು ತಾನು ಬದುಕಿರುವುದಾಗಿ ವರ್ಷಕ್ಕೊಮ್ಮೆ ಪ್ರಮಾಣಪತ್ರವನ್ನು ಕೊಡಬೇಕೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿದೆ. ಎದುರಿಗೆ ನಿಂತಿದ್ದರೂ ಕಾಗದವು ಬೇಕು. ಇದಕ್ಕಾಗಿ ನಮ್ಮವರು ನವೆಂಬರಿನ ಒಂದು ಭಾನುವಾರ ಒಟ್ಟಿಗೆ ಸೇರಿ ಅರ್ಜಿಗಳನ್ನು ತುಂಬಿಸುವ ಏರ್ಪಾಡನ್ನು ಮಾಡಿದರು. ಅದರ ತಿಳಿವಳಿಕೆಯೇ ನನ್ನ ಜಾಲಪುಟದ ಮೊದಲ ಬರಹ. ತರತಕ್ಕ ಕಾಗದಗಳು ಏಳು. ಅವುಗಳಲ್ಲಿ ಮೂರು ಕಡ್ಡಾಯ, ಉಳಿದ ನಾಲ್ಕು ಕೆಲವರಿಗೆ ಮಾತ್ರ ಬೇಕಾದವು. ನಾನು ಮೂರನ್ನು ಕೆಂಪಾಗಿ ಮಾಡಿ, ಕೆಳಗೆ "ಕೆಂಪಕ್ಷರದಲ್ಲಿರುವುವನ್ನು ತಪ್ಪದೆ ತರತಕ್ಕದ್ದು" ಎಂದು ಬರೆದೆನು. ತಲೆಬರಹಗಳನ್ನು ದಪ್ಪಕ್ಷರದಲ್ಲಿ ದೊಡ್ಡದಾಗಿ ಕಾಣುವಂತೆ ಮಾಡಿದೆನು. ಆದರೆ ‹ಎಚ್೧›, ‹ಎಚ್೨› ಎಂಬ ಗುರುತುಗಳನ್ನು ಹಾಕಲಿಲ್ಲ. ಕಣ್ಣಿಗೆ ತಲೆಬರಹದಂತೆ ಕಂಡರೆ ಸಾಲದೆ ಎಂಬುದು ನನ್ನ ತರ್ಕ. ಎಲ್ಲರೂ ಹೊಗಳಿದರು. ನಾನು ಬೀಗಿದೆನು.

ನಮ್ಮಲ್ಲಿ ಸಂಗೀತದ ಮೇಷ್ಟರೊಬ್ಬರಿರುವರು. ಅವರು ಹುಟ್ಟುಗುರುಡರು. ಓದಿ ಹೇಳಲು ಮನೆಯಲ್ಲಿ ಜನರಿದ್ದರೂ ತಮಗೆ ಬಂದುದನ್ನು ತಾವೇ ಓದಿಕೊಳ್ಳಬೇಕೆಂಬ ಅಭಿಮಾನವುಳ್ಳವರು. ಅವರ ಗಣಕಯಂತ್ರದಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶವುಂಟು. ೨೦೦೬ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧರೊಬ್ಬರು ಆರಂಭಿಸಿದ ಕಾರ್ಯವದು, ಬೆಲೆಯಿಲ್ಲದೆ ದೊರೆಯುವುದು. ಪರದೆಯ ಮೇಲಿನ ಬರಹವನ್ನು ಅದು ಧ್ವನಿಯಾಗಿ ಓದಿ ಹೇಳುವುದು. ನಾವು ಪುಟದ ಮೇಲೆ ಕಣ್ಣಾಡಿಸಿ ತಲೆಬರಹಗಳನ್ನು ಮೊದಲು ನೋಡುವಂತೆ, ಅವರು ಎಚ್ ಎಂಬ ಕೀಲಿಯನ್ನು ಒತ್ತುತ್ತ ತಲೆಬರಹದಿಂದ ತಲೆಬರಹಕ್ಕೆ ನೆಗೆಯುವರು. ನನ್ನ ಪುಟದಲ್ಲಿ ಆ ಕೀಲಿಯನ್ನು ಒತ್ತಿದರೆ "ತಲೆಬರಹವಿಲ್ಲ" ಎಂಬ ಉತ್ತರವು ಬಂದಿತು. ಆಮೇಲೆ ಅವರು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಕೇಳಿದರಂತೆ. ಏಳು ಕಾಗದಗಳ ಹೆಸರನ್ನೂ ಧ್ವನಿಯು ಒಂದೇ ಸಮನಾಗಿ ಹೇಳಿತು. ಕೆಂಪಕ್ಷರದವು ಕಡ್ಡಾಯವೆಂದೂ ಹೇಳಿತು. ಯಾವುದು ಕೆಂಪು ಎಂಬುದನ್ನು ಮಾತ್ರ ಹೇಳಲಿಲ್ಲ. ಬಣ್ಣವನ್ನು ತಿಳಿಸೆಂದು ಬೇರೆಯಾಗಿ ಏರ್ಪಾಡು ಮಾಡದಿದ್ದರೆ ಅದು ಬಣ್ಣದ ಮಾತನ್ನೇ ಎತ್ತುವುದಿಲ್ಲ.

ಅವರು ತಮಗೆ ತೋರಿದ ನಾಲ್ಕನ್ನು ಜೋಡಿಸಿಕೊಂಡು, ಎರಡು ಬಸ್ಸುಗಳನ್ನು ಬದಲಾಯಿಸಿ, ಬೆಳಗ್ಗೆ ಹತ್ತು ಗಂಟೆಗೆ ಬಂದರು. ಕಡ್ಡಾಯವಾದ ಮೂರರಲ್ಲಿ ಬ್ಯಾಂಕಿನ ಪಾಸ್‌ಬುಕ್ಕು ಮನೆಯಲ್ಲಿಯೇ ಉಳಿದಿತ್ತು. ಅಂದು ಅವರ ಕೆಲಸವಾಗಲಿಲ್ಲ. ನಾನು ಮುಂದೆ ಹೋಗಿ, "ಮೇಷ್ಟರೇ, ಪುಟದಲ್ಲಿ ಕೆಂಪಾಗಿಯೇ ಹಾಕಿದ್ದೆನಲ್ಲ" ಎಂದುಬಿಟ್ಟೆನು. ಅವರು ಸಿಟ್ಟಾಗಲಿಲ್ಲ. "ಪಂಡಿತರೇ, ತಮ್ಮ ಕೆಂಪು ನನ್ನ ಕಿವಿಗೆ ಬೀಳಲಿಲ್ಲ" ಎಂದರು. ಕೋಲನ್ನು ಊರಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದರು. ಪಾಠವೊಪ್ಪಿಸಲಾರದ ಹುಡುಗನು ಬೆಂಚಿನ ಮೇಲೆ ನಿಲ್ಲುವಾಗ ಹೇಗಿರುವುದೋ ನನಗೆ ಹಾಗಿತ್ತು.

ಆ ರಾತ್ರಿಯೇ ಪುಟವನ್ನು ಬಿಚ್ಚಿ ಕುಳಿತೆನು. ತಲೆಬರಹಗಳಿಗೆ ತಲೆಬರಹದ ಗುರುತನ್ನೇ ಹಾಕಿದೆನು. ಒಂದು ಪಟ್ಟಿಯನ್ನು ಎರಡಾಗಿ ಮಾಡಿ, "ಅವಶ್ಯವಾಗಿ ತರತಕ್ಕವು" ಎಂದು ಒಂದಕ್ಕೆ, "ಅನ್ವಯಿಸಿದರೆ ತರತಕ್ಕವು" ಎಂದು ಇನ್ನೊಂದಕ್ಕೆ ಹೆಸರಿಟ್ಟೆನು. ಮಹತ್ತ್ವವನ್ನು ತೋರಿಸುವ ‹ಸ್ಟ್ರಾಂಗ್› ಎಂಬ ಗುರುತೊಂದುಂಟು, ಓದಿ ಹೇಳುವ ತಂತ್ರಾಂಶಗಳು ಅದನ್ನು ಸಾಮಾನ್ಯವಾಗಿ ಧ್ವನಿಯಲ್ಲಿ ತೋರಿಸುವುದಿಲ್ಲವಾದುದರಿಂದ ಅದನ್ನೇ ನಂಬಲಿಲ್ಲ, ಮಾತಿನಲ್ಲಿಯೇ ಬರೆದೆನು. ಕೆಂಪು ಬಣ್ಣವು ಈಗಲೂ ಇದೆ. ಕಣ್ಣಿರುವವರಿಗೆ ಅದು ಅನುಕೂಲವೇ. ಆದರೆ ಬಣ್ಣವನ್ನು ಅಳಿಸಿದರೂ ಅರ್ಥವು ಕೆಡುವುದಿಲ್ಲ. ಜಾಲದ ಕಟ್ಟಳೆಗಳನ್ನು ರೂಪಿಸುವ ಡಬ್ಲ್ಯೂ೩ಸಿ ಎಂಬ ಮಂಡಲಿಯವರು ಬಣ್ಣವೊಂದರಿಂದಲೇ ವಿಷಯವನ್ನು ಸೂಚಿಸಬಾರದೆಂದು ೧೯೯೯ರಲ್ಲಿಯೇ ಹೇಳಿದ್ದರೆಂಬುದನ್ನು ನಾನು ಅನಂತರ ಓದಿದೆನು. ಮೊದಲೇ ಓದಿದ್ದರೆ ಮೇಷ್ಟರಿಗೆ ಎರಡು ಬಸ್ಸುಗಳ ಶ್ರಮವು ತಪ್ಪುತ್ತಿತ್ತು.

ಪುಟದ ಆರಂಭದಲ್ಲಿ ಇನ್ನೆರಡು ವಿಷಯಗಳನ್ನು ಹೇಳತಕ್ಕದ್ದುಂಟು. ಕನ್ನಡಿಗರು ಇವುಗಳನ್ನು ಮರೆಯಬಾರದು. ಪುಟದ ಭಾಷೆಯು ಕನ್ನಡವೆಂದು ತಿಳಿಸುವ ಕೆಎನ್ ಎಂಬ ಸಂಕೇತವು ಒಂದು. ಇದನ್ನು ನೋಡಿ ಓದುವ ತಂತ್ರಾಂಶವು, ತನ್ನಲ್ಲಿ ಕನ್ನಡದ ಧ್ವನಿಯಿದ್ದರೆ, ಅದಕ್ಕೆ ಹೊರಳಿಕೊಳ್ಳಬಲ್ಲದು. ಅಕ್ಷರಗಳು ಯೂನಿಕೋಡಿನ ಯುಟಿಎಫ್-೮ ಎಂಬ ಕ್ರಮದಲ್ಲಿವೆ ಎಂದು ತಿಳಿಸುವುದು ಎರಡನೆಯದು. ಯೂನಿಕೋಡಿನಲ್ಲಿ ನಮ್ಮ ಲಿಪಿಗೆ ೧೨೮ ಮನೆಗಳ ಒಂದು ಕೇರಿಯನ್ನು ಮೀಸಲಿಟ್ಟಿರುವರು. ಕ ಎಂಬ ಅಕ್ಷರಕ್ಕೆ ಅಲ್ಲಿ ತನ್ನದೇ ಆದ ಮನೆಯುಂಟು. ಅದು ಬಳಕೆಗೆ ಬರುವ ಮೊದಲು ಕನ್ನಡವನ್ನು ಬೇರೆ ಉಪಾಯದಿಂದ ಬರೆಯುತ್ತಿದ್ದರು. ಯಂತ್ರದ ಒಳಗಿದ್ದುದು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಸೇರಿದ ಅಂಕೆಗಳೇ. ಫಾಂಟು ಅವಕ್ಕೆ ಕನ್ನಡದ ಆಕಾರವನ್ನು ತೊಡಿಸುತ್ತಿತ್ತು. ಫಾಂಟು ಇಲ್ಲದ ಯಂತ್ರದಲ್ಲಿ ವೇಷವು ಕಳಚಿ ಅರ್ಥವಿಲ್ಲದ ಅಕ್ಷರಗಳ ಕಂತೆಯು ಕಾಣುತ್ತಿತ್ತು. ಮೇಷ್ಟರ ಧ್ವನಿಯಂತ್ರವೂ ಅಂತಹ ಬರಹವನ್ನು ಓದಲಾರದು. ಹಳೆಯ ಕಡತಗಳು ಮನೆಯಲ್ಲಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ಲೇಸು.

ಮೂರನೆಯದಾದ ಜಾವಾಸ್ಕ್ರಿಪ್ಟಿನ ಮಾತಿಗೆ ಬರೋಣ. ಗುರುತು ಹಾಕುವುದಷ್ಟೇ ಇದರ ಕೆಲಸವಲ್ಲ. ಇದು ಲೆಕ್ಕ ಮಾಡುವ, ವಿವೇಚಿಸುವ, ಅಪ್ಪಣೆಯನ್ನು ನಡೆಸುವ ನಿಜವಾದ ಪ್ರೋಗ್ರಾಂ ಭಾಷೆ. ನಮ್ಮ ಪುಟದಲ್ಲಿ ಹೆಸರು ನೋಂದಾಯಿಸುವ ಅರ್ಜಿಯುಂಟು. ಮೊಬೈಲಿನ ಸಂಖ್ಯೆಯಲ್ಲಿ ಹತ್ತು ಅಂಕಿಗಳಿಗೆ ಬದಲಾಗಿ ಒಂಬತ್ತನ್ನೇ ಬರೆದರೆ, ಅರ್ಜಿಯು ಮನೆಯನ್ನು ಬಿಟ್ಟು ಹೊರಡುವ ಮುನ್ನವೇ "ಒಂದು ಅಂಕಿ ಕಡಿಮೆಯಾಗಿದೆ" ಎಂದು ಎಚ್ಚರಿಸುವುದು ಇದೇ. ಬ್ರೆಂಡನ್ ಐಕ್ ಎಂಬುವರು ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ೧೯೯೫ರ ಮೇ ತಿಂಗಳಿನಲ್ಲಿ ಇದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಅವಸರದ ಅಡುಗೆಯ ಕುರುಹುಗಳು ಭಾಷೆಯಲ್ಲಿ ಈಗಲೂ ಕೆಲವು ಕಡೆ ಉಳಿದಿವೆ. ಮೊದಲು ಮೋಕಾ ಎಂದೂ ಬಳಿಕ ಲೈವ್‌ಸ್ಕ್ರಿಪ್ಟ್ ಎಂದೂ ಕರೆಯಿಸಿಕೊಂಡು ಆ ವರ್ಷದ ಡಿಸೆಂಬರಿನಲ್ಲಿ ಈಗಿನ ಹೆಸರನ್ನು ಪಡೆಯಿತು. ಜಾವಾ ಎಂಬ ಬೇರೊಂದು ಭಾಷೆಯು ಆಗ ಪ್ರಸಿದ್ಧಿಗೆ ಬಂದಿದ್ದುದೇ ಈ ಹೆಸರಿಗೆ ಕಾರಣ. ಜಾವಾಸ್ಕ್ರಿಪ್ಟನ್ನು ಕಲಿತು ಜಾವಾ ಬಂದಿತೆಂದು ತಿಳಿಯುವುದು ಕುದುರೆಮುಖಕ್ಕೆ ಹೋಗಿ ಕುದುರೆಯನ್ನು ಹುಡುಕಿದಂತೆ.

ಈ ಭಾಷೆಗಳ ಸ್ವಭಾವದಲ್ಲಿಯೂ ಅಂತರವುಂಟು. ಎಚ್‌ಟಿಎಂಎಲ್‌ನಲ್ಲಿ ಮುಗಿಸುವ ಗುರುತನ್ನು ಮರೆತರೆ ಬ್ರೌಸರು ಬೈಯುವುದಿಲ್ಲ. ತನಗೆ ತೋರಿದಂತೆ ಸರಿಪಡಿಸಿಕೊಂಡು ಪುಟವನ್ನು ತೋರಿಸುವುದು. ಸಿಎಸ್‌ಎಸ್ ತನಗೆ ಅರ್ಥವಾಗದುದನ್ನು ಬಿಟ್ಟು ಮುಂದೆ ಹೋಗುವುದು. ಜಾವಾಸ್ಕ್ರಿಪ್ಟಿನಲ್ಲಿ ಹಾಗಲ್ಲ. ಒಂದು ಆವರಣಚಿಹ್ನೆಯು ಬಿಟ್ಟುಹೋದರೆ ಆ ಬರಹವು ಒಟ್ಟಾಗಿ ನಡೆಯದು. ಪುಟದ ಮೇಲೆ ಅದರ ಸುಳಿವೂ ಕಾಣದು. ಇಂತಹ ಒಂದು ಚಿಹ್ನೆಯನ್ನು ಹುಡುಕುತ್ತ ನಾನು ಒಂದು ಸಂಜೆಯನ್ನು ಕಳೆದೆನು. "ದೊಡ್ಡಪ್ಪಾ, ಎಫ್೧೨ ಒತ್ತಿ ನೋಡಿದ್ದರೆ ಯಾವ ಸಾಲೆಂದು ಅದೇ ಹೇಳುತ್ತಿತ್ತು" ಎಂದು ಗುರುಗಳು ರಾತ್ರಿ ಊಟದ ಹೊತ್ತಿಗೆ ಅಪ್ಪಣೆ ಕೊಡಿಸಿದರು.

ಪಿಎಚ್‌ಪಿ, ಎಸ್‌ಕ್ಯುಎಲ್ ಎಂಬ ಹೆಸರುಗಳೂ ಮಕ್ಕಳ ಬಾಯಲ್ಲಿ ಕೇಳಬರುವುವು. ಮದುವೆಯ ಮನೆಯಲ್ಲಿ ಪಂಕ್ತಿಗೆ ಕುಳಿತವರಿಗೆ ಎಲೆಯ ಮೇಲೆ ಬಂದುದು ಮಾತ್ರ ಕಾಣುವುದು. ಅಡುಗೆಮನೆ, ಉಗ್ರಾಣಗಳು ಕಾಣುವುದಿಲ್ಲ. ಇದುವರೆಗೆ ಹೇಳಿದ ಮೂರು ಎಲೆಗೆ ಬರುವಂಥವು. ಪಿಎಚ್‌ಪಿಯು ದೂರದ ಸರ್ವರ್ ಎಂಬ ಯಂತ್ರದ ಅಡುಗೆಮನೆಯಲ್ಲಿ ಕೆಲಸ ಮಾಡುವುದು. ಎಸ್‌ಕ್ಯುಎಲ್ ಉಗ್ರಾಣದಿಂದ ಬೇಕಾದ ಪದಾರ್ಥವನ್ನು ತರಿಸುವ ಚೀಟಿ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳುವೆನು. ಎಲೆಯ ಮುಂದೆ ಜಾವಾಸ್ಕ್ರಿಪ್ಟು ಅಂಕಿಗಳನ್ನು ಎಣಿಸಿ ನೋಡಿದರೂ ಅಡುಗೆಮನೆಯಲ್ಲಿ ಮತ್ತೊಮ್ಮೆ ಎಣಿಸಲೇಬೇಕು. ಏಕೆಂದರೆ ಓದುಗನ ಯಂತ್ರದಲ್ಲಿ ನಡೆಯುವುದನ್ನು ಓದುಗನು ತಪ್ಪಿಸಬಲ್ಲನು.

ಪತ್ರ ಬರೆದ ಸೋದರಿಯವರಿಗೆ: ಕಲಿಯುವುದಕ್ಕೆ ಹಣವು ಬೇಕಿಲ್ಲ, ಗಣಕಯಂತ್ರವಿದ್ದರೆ ಸಾಕು, ಅಂತರ್ಜಾಲವೂ ಬೇಕಾಗದು. ನೋಟ್‌ಪ್ಯಾಡ್ ಎಂಬ ಸಾದಾ ಬರಹದ ಹಲಗೆಯಲ್ಲಿ ನಾಲ್ಕು ಸಾಲುಗಳನ್ನು ಗುರುತು ಸಹಿತವಾಗಿ ಬರೆದು, ಕಡತದ ಹೆಸರಿನ ಕೊನೆಗೆ ಚುಕ್ಕೆಯನ್ನೂ ಎಚ್‌ಟಿಎಂಎಲ್ ಎಂಬ ಅಕ್ಷರಗಳನ್ನೂ ಸೇರಿಸಿ ಉಳಿಸಿ, ಬ್ರೌಸರಿನಲ್ಲಿ ತೆರೆದರೆ ಪುಟವು ಕಾಣುವುದು. ಮನೆಯ ಸಾರಿನ ಪುಡಿಯ ವಿಧಾನವನ್ನೇ ಬರೆಯಿಸಿರಿ: ತಲೆಬರಹ, ಪದಾರ್ಥಗಳ ಪಟ್ಟಿ, ಮಾಡುವ ಕ್ರಮ. ಕ್ರಮಕ್ಕೆ ಒಂದು, ಎರಡು ಎಂದು ತಾನೇ ಎಣಿಕೆಯನ್ನು ಹಾಕುವ ‹ಓಎಲ್› ಎಂಬ ಪಟ್ಟಿಯುಂಟು. ಮೊದಲ ತಿಂಗಳು ಎಚ್‌ಟಿಎಂಎಲ್ ಒಂದೇ ಸಾಕು. ಈಗ ಕೃತಕ ಬುದ್ಧಿಯ ಯಂತ್ರಗಳೇ ಕೇಳಿದ ಪುಟವನ್ನು ಬರೆದುಕೊಡುವಾಗ ಕಲಿಯುವುದೇಕೆಂದು ಮನೆಯಲ್ಲಿ ಯಾರಾದರೂ ಕೇಳಬಹುದು. ಬರೆದುಕೊಡುವುವು, ನಿಜ. ಅವು ಕೊಟ್ಟ ಪುಟದಲ್ಲಿ ತಲೆಬರಹವು ನಿಜವಾಗಿ ತಲೆಬರಹವೋ, ದಪ್ಪಕ್ಷರದ ವೇಷವೋ ಎಂಬುದನ್ನು ನೋಡಿ ಹೇಳುವವರು ಮನೆಯಲ್ಲಿ ಒಬ್ಬರಾದರೂ ಇರಲಿ.

ಮರುವರ್ಷದ ನವೆಂಬರಿನಲ್ಲಿ ಮೇಷ್ಟರು ಮೂರು ಕಾಗದಗಳನ್ನೂ ತಂದರು. ಅರ್ಧ ಗಂಟೆಯಲ್ಲಿ ಕೆಲಸವಾಯಿತು. ಕಾಫಿಯನ್ನು ಕುಡಿಯುತ್ತ, "ಪಂಡಿತರೇ, ಪುಟವು ಈಗ ಚೆನ್ನಾಗಿದೆ. ಆದರೆ ಮೇಲ್ಗಡೆ ಒಂದು ಕೊಂಡಿಯಿದೆ. ಅಲ್ಲಿಗೆ ಬಂದರೆ ನನ್ನ ಯಂತ್ರವು ಯಾವುದೋ ಅಂಕಿಗಳ ಸಾಲನ್ನು ಓದುತ್ತದೆ. ಏನದು?" ಎಂದು ಕೇಳಿದರು. ಅದು ಸನ್ಮಾನದ ದಿನ ಶಾಲು ಹೊದಿಸಿಕೊಂಡು ತೆಗೆಸಿದ ನನ್ನ ಭಾವಚಿತ್ರ. ಒತ್ತಿದರೆ ದೊಡ್ಡದಾಗಿ ಕಾಣಲೆಂದು ಕೊಂಡಿಯನ್ನೂ ಹಾಕಿದ್ದೆನು. ಚಿತ್ರವನ್ನು ಮಾತಿನಲ್ಲಿ ವಿವರಿಸುವುದಕ್ಕಾಗಿ ‹ಐಎಂಜಿ› ಎಂಬ ಗುರುತಿನೊಳಗೆ ಆಲ್ಟ್ ಎಂಬ ಸ್ಥಳವಿರುವುದು. ಅದನ್ನು ನಾನು ತುಂಬಿಸಿರಲಿಲ್ಲವಾಗಿ ಯಂತ್ರವು ಕ್ಯಾಮೆರಾ ಕೊಟ್ಟ ಕಡತದ ಹೆಸರನ್ನು ಓದುತ್ತಿತ್ತು. ಅಂದು ಮನೆಗೆ ಬಂದೊಡನೆ "ಪುಟದ ಲೇಖಕರ ಭಾವಚಿತ್ರ" ಎಂದು ಅಲ್ಲಿ ಬರೆದೆನು. ಮೇಷ್ಟರು ಮರುದಿನವೇ ದೂರವಾಣಿಯಲ್ಲಿ ಕರೆದು, "ಶಾಲಿನ ಬಣ್ಣವನ್ನೂ ಬರೆಯಬಹುದಾಗಿತ್ತು" ಎಂದರು. ಈಗ ಅದನ್ನೂ ಬರೆದಿರುವೆನು.